ವಿದೇಶಿ ಬ್ಯಾಂಕುಗಳು ಕೈ ಎತ್ತಿದವಾ? ಲೆಕ್ಕ ಹಾಕಲು ಹೋದ ನನ್ನ ಅನುಭವ

2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಆಮೇಲೆ ಎಲ್ಲ ಕಡೆ ಒಂದೇ ಮಾತು: ಕಷ್ಟ ಬಂದ ಕೂಡಲೇ ವಿದೇಶಿ ಒಡೆತನದ ಬ್ಯಾಂಕುಗಳು ಸಾಲ ನಿಲ್ಲಿಸಿ, ದುಡ್ಡು ಗಂಟುಕಟ್ಟಿಕೊಂಡು ತಮ್ಮ ದೇಶಕ್ಕೆ ಹೊರಡುತ್ತವೆ. ಬ್ಯಾಂಕುಗಳ ಲೆಕ್ಕಪತ್ರ ಓದುವುದೇ ನನ್ನ ಕೆಲಸ. ನೋಡೇಬಿಡೋಣ ಅಂತ ಪೂರ್ವ ಯುರೋಪಿನ ಬ್ಯಾಂಕುಗಳ ವರದಿಗಳನ್ನು ರಾಶಿ ಹಾಕಿಕೊಂಡು ಕೂತೆ. ಅಲ್ಲಿನ ಹಲವು ದೇಶಗಳಲ್ಲಿ ಬ್ಯಾಂಕಿಂಗ್‌ನ ದೊಡ್ಡ ಪಾಲು ಆಸ್ಟ್ರಿಯಾ, ಇಟಲಿ, ಸ್ವೀಡನ್ ಬ್ಯಾಂಕುಗಳ ಕೈಯಲ್ಲಿತ್ತು.

ಶುರುವಿನಲ್ಲೇ ಎಡವಿದೆ. ಎಲ್ಲರ ಸಾಲವನ್ನೂ ಡಾಲರಿಗೆ ಬದಲಾಯಿಸಿ ಎಕ್ಸೆಲ್‌ನಲ್ಲಿ ಜೋಡಿಸಿದ್ದೆ. ಗೆರೆಗಳೆಲ್ಲ ದಬದಬ ಕೆಳಗೆ ಬಿದ್ದವು. ಖುಷಿಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಎರಡು ದಿನ ಬಿಟ್ಟು ತಲೆಗೆ ಹೊಳೆಯಿತು. 2008ರ ಜೂನ್ ಕೊನೆಗೆ ಒಂದು ಯೂರೋಗೆ ಸುಮಾರು 1.58 ಡಾಲರ್ ಇತ್ತು, ಡಿಸೆಂಬರ್ ಕೊನೆಗೆ ಸುಮಾರು 1.39. ಯೂರೋದಲ್ಲಿ ಸಾಲ ಕೊಟ್ಟ ಬ್ಯಾಂಕು ಸುಮ್ನೆ ಕೂತಿದ್ದರೂ ನನ್ನ ಹಾಳೆಯಲ್ಲಿ ಅದರ ಸಾಲ ಶೇ 12ರಷ್ಟು ಕರಗಿತ್ತು! ಹಂಗೇರಿಯಲ್ಲಿ ಇದರ ಉಲ್ಟಾ. ಅಲ್ಲಿ ಜನ ಮನೆಸಾಲವನ್ನು ಸ್ವಿಸ್ ಫ್ರಾಂಕ್‌ನಲ್ಲಿ ತೆಗೆದುಕೊಂಡಿದ್ದರು. ಅಲ್ಲಿನ ಕರೆನ್ಸಿ ಫೋರಿಂಟ್ ಬಿದ್ದಾಗ, ಹೊಸ ಸಾಲವೇನೂ ಕೊಡದಿದ್ದರೂ ಫೋರಿಂಟ್ ಲೆಕ್ಕದಲ್ಲಿ ಹಳೆಯ ಸಾಲವೇ ಊದಿಕೊಂಡಿತು. ಕೊನೆಗೆ ಯಾವ ಕರೆನ್ಸಿಯಲ್ಲಿ ಎಷ್ಟು ಸಾಲ ಅಂತ ವರದಿಯ ಹಿಂಭಾಗದ ಟಿಪ್ಪಣಿಗಳಿಂದ ಹೆಕ್ಕಿ, ವಿನಿಮಯ ದರವನ್ನು ಒಂದೇ ದಿನಕ್ಕೆ ಕಟ್ಟಿಹಾಕಿ, ಎಲ್ಲ ಮತ್ತೆ ಲೆಕ್ಕ ಮಾಡಿದೆ.

ಬಿದ್ದದ್ದರಲ್ಲಿ ಅರ್ಧ ಮಾಯ.

ಉಳಿದ ಇಳಿಕೆಯಲ್ಲೂ ಒಂದು ಗೋಜಲು. ಬ್ಯಾಂಕು ಕೊಡಲಿಲ್ಲವೋ, ಅಥವಾ ಕೆಲಸ ನಿಂತ ಕಾರ್ಖಾನೆಗಳು ಕೇಳಲೇ ಇಲ್ಲವೋ? ಒಂದೇ ಕಂಪನಿ ಎರಡು ಬ್ಯಾಂಕಿನಲ್ಲಿ ಸಾಲ ಮಾಡಿದ್ದರೆ, ಕೇಳುವವರು ಒಬ್ಬರೇ ಆದ್ದರಿಂದ, ಆ ಎರಡು ಬ್ಯಾಂಕನ್ನು ಹೋಲಿಸಬಹುದು. ಆದರೆ ಅಂಥ ದಾಖಲೆ ಸಾಮಾನ್ಯವಾಗಿ ಕೇಂದ್ರ ಬ್ಯಾಂಕಿನ ಕಪಾಟು ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾಗಿ ಒಂದೇ ದೇಶದ ಬ್ಯಾಂಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕಾಲ ಅವಕ್ಕೆಲ್ಲ ಒಂದೇ ಥರ ಕೆಟ್ಟಿತ್ತು, ಅಲ್ವಾ?

ಹಾಗೆ ಇಟ್ಟಾಗ ಎರಡು ಬ್ಯಾಂಕು ಕಣ್ಣಿಗೆ ಬಿದ್ದವು. ಎರಡೂ ವಿದೇಶಿ ಒಡೆತನದವು. ಒಂದರ ಸಾಲ ಅಲ್ಲಿನವರ ಠೇವಣಿಯ ಒಳಗೇ ಇತ್ತು. ಇನ್ನೊಂದರದ್ದು ಠೇವಣಿ ಮೀರಿತ್ತು, ಮಿಕ್ಕಿದ್ದನ್ನು ಮಾತೃಸಂಸ್ಥೆ ತುಂಬುತ್ತಿತ್ತು. 2009ರಲ್ಲಿ ಸರಕ್ಕನೆ ಜಾರಿದ್ದು ಎರಡನೆಯದು. ಅಲ್ಲಿಂದಾಚೆ ನಾನು ಬ್ಯಾಲೆನ್ಸ್ ಶೀಟಿನ ಸಾಲದ ಪುಟಕ್ಕಿಂತ ಮೊದಲು 'ಸಮೂಹದ ಬ್ಯಾಂಕುಗಳಿಗೆ ಕೊಡಬೇಕಾದದ್ದು', ಅಂದರೆ ಮಾತೃಸಂಸ್ಥೆ ಕಡೆಯಿಂದ ಪಡೆದ ಹಣ, ಅನ್ನುವ ನಮೂದನ್ನೇ ಹುಡುಕುತ್ತೇನೆ.

2009ರ ಜನವರಿಯಲ್ಲಿ ಶುರುವಾದ ವಿಯೆನ್ನಾ ಇನಿಶಿಯೇಟಿವ್ ಕೂಡ ಈ ಹಣವನ್ನು ಹಿಡಿದಿಡುವುದಕ್ಕೇ. ಹಂಗೇರಿ, ರೊಮೇನಿಯಾ, ಸರ್ಬಿಯಾ, ಬೋಸ್ನಿಯಾ, ಲಾಟ್ವಿಯಾಗಳಲ್ಲಿ ಮಾತೃಬ್ಯಾಂಕುಗಳು ಹಣ ಹಿಂತೆಗೆಯುವುದಿಲ್ಲ ಅಂತ ಐಎಂಎಫ್ ಮೊದಲಾದವರ ಮುಂದೆ ಮಾತು ಕೊಟ್ಟವು. ನೀನು ಓಡಬೇಡ, ನಾನೂ ಓಡಲ್ಲ ಅನ್ನುವ ಒಪ್ಪಂದ. ಇದ್ದದ್ದನ್ನು ಉಳಿಸುವುದು ಬೇರೆ, ಹೊಸ ಸಾಲ ಕೊಡುವುದು ಬೇರೆ. ಅದನ್ನು ಮರೆತು ಬರೆದವರು ಬಹಳ ಜನ.

ನನ್ನ ಹಾಳೆಯ 'ದೇಶೀಯ' ಅನ್ನುವ ಕಾಲಂನಲ್ಲಿ ನಾನು ನೆಮ್ಮದಿಯಿಂದ ಬರೆದುಕೊಂಡಿದ್ದ ಹೆಸರುಗಳಲ್ಲಿ ಲಾಟ್ವಿಯಾದ ಪಾರೆಕ್ಸ್ ಬ್ಯಾಂಕ್ ಒಂದು. ಸ್ಥಳೀಯರದ್ದೇ ಒಡೆತನ, ಆದರೆ ಹೊರಗಿನ ಬ್ಯಾಂಕುಗಳ ಕೂಟದಿಂದ ದೊಡ್ಡ ಸಾಲ ಎತ್ತಿತ್ತು. ಠೇವಣಿದಾರರು ಮುಗಿಬಿದ್ದು ದುಡ್ಡು ತೆಗೆದರು. 2008ರ ನವೆಂಬರಿನಲ್ಲಿ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು.