ಗುಡ್ಡದಲ್ಲಿ ಸಿಕ್ಕ ಹಳೇ ಕಬ್ಬಿಣ: ಯಾವ ಕೆಲಸದ್ದು ಅಂತ ಕಂಡುಹಿಡಿಯೋದು ಹೇಗೆ?

ಮೂಡಿಗೆರೆ ಕಡೆಯ ಗುಡ್ಡವೊಂದರಲ್ಲಿ, ಹಳೇ ಗಾಡಿದಾರಿಯ ಪಕ್ಕ ಮಳೆಗೆ ಮಣ್ಣು ಕೊಚ್ಚಿಹೋಗಿದ್ದ ಜಾಗದಲ್ಲಿ ನನಗೊಂದು ಕಬ್ಬಿಣದ ತುಂಡು ಸಿಕ್ಕಿತ್ತು. ಗೇಣುದ್ದ ಇತ್ತು. ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ. ನೋಡಿದ ಕೂಡಲೇ ಕೊಡಲಿ ಅಂದುಕೊಂಡೆ. ಅದು ಕೊಡಲಿ ಆಗಿರಲಿಲ್ಲ. ಬರೀ ಆಕಾರ ನೋಡಿ ಹೆಸರು ಹೇಳಲು ಹೋದರೆ ತಪ್ಪುವುದೇ ಜಾಸ್ತಿ. ಎಲ್ಲಿ ಸವೆದಿದೆ, ಎಲ್ಲಿ ಪೆಟ್ಟು ಬಿದ್ದಿದೆ ಅಂತ ನೋಡಬೇಕು.

ಎತ್ತುವ ಮುಂಚೆ

ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ. ಸುತ್ತಮುತ್ತ ಏನಿದೆ ನೋಡಿ: ಗಾಡಿದಾರಿಯೋ, ತೋಟವೋ, ಹಾಳುಬಿದ್ದ ಮನೆಯ ಅಡಿಪಾಯವೋ? ಅರ್ಧ ಸುಳಿವು ಅಲ್ಲೇ ಇರುತ್ತದೆ. ಗಾಡಿದಾರಿಯಲ್ಲಿ ತೂತುಗಳಿರುವ ತೆಳು, ಬಾಗಿದ ಪಟ್ಟಿ ಸಿಕ್ಕರೆ ಅದು ಎತ್ತಿನ ಲಾಳ ಇರಬಹುದು. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು ಲಾಳ ಬೇಕು, ಕುದುರೆಗಾದರೆ ಒಂದೇ.

ಹಲ್ಲಿರುವ ಎರಡು ದವಡೆ, ಸ್ಪ್ರಿಂಗ್ ಕಂಡರೆ ಮುಟ್ಟಲೇಬೇಡಿ. ಅದು ಪ್ರಾಣಿ ಹಿಡಿಯುವ ಉಪಕರಣ, ತುಕ್ಕು ಹಿಡಿದಿದ್ದರೂ ಕೈ ಕಚ್ಚಬಹುದು. ಅರಣ್ಯ ಇಲಾಖೆಯವರಿಗೆ ತಿಳಿಸಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಯಾವುದನ್ನೂ ಎತ್ತಬೇಡಿ. ದೊಡ್ಡ ಕಲ್ಲುಗಳನ್ನು ಸುತ್ತಲೂ ಜೋಡಿಸಿದ ಹಾಗಿರುವ ಜಾಗವಾದರೂ ಅಷ್ಟೇ, ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಹೇಳಿ.

ಮಣ್ಣು ಬಿಡಿಸುವುದು

ಇಲ್ಲೇ ಜಾಸ್ತಿ ಹಾಳಾಗುವುದು. ಹುಣಸೆಹಣ್ಣು, ನಿಂಬೆರಸ, ಆ್ಯಸಿಡ್, ಮರಳು ಕಾಗದ, ಗ್ರೈಂಡರ್ ಯಾವುದೂ ಬೇಡ. ತುಕ್ಕಿನ ಜೊತೆ ಅಕ್ಷರ, ಸುತ್ತಿಗೆ ಗುರುತು ಎಲ್ಲ ಹೋಗಿಬಿಡುತ್ತದೆ. ಮಣ್ಣು ಒಣಗಲು ಬಿಡಿ. ಬಿದಿರು ಕಡ್ಡಿಯಿಂದ ಕೆರೆದು, ಹಳೇ ಟೂತ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಹಸಿರು ಬಣ್ಣ ಕಂಡರೆ ತಾಮ್ರ ಅಥವಾ ಕಂಚು ಇರಬಹುದು, ಅದನ್ನು ಹಾಗೇ ಬಿಡಿ. ಅಯಸ್ಕಾಂತ ಹಿಡಿದು ನೋಡಿ, ತಾಮ್ರ ಅಂಟುವುದಿಲ್ಲ.

ಓದುವುದು

ಮೊದಲು ಕಾವಿನ, ಅಂದರೆ ಮರದ ಹಿಡಿಯ, ಜಾಗ ಹುಡುಕಿ. ತೂತು ಇದ್ದರೆ ಎರಡೂ ಬಾಯಿ ಅಳೆಯಿರಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದರೆ, ಪಿಕಾಸಿಯಲ್ಲಿ ಇರುವ ಹಾಗೆ, ಕಾವನ್ನು ಅಗಲದ ಕಡೆಯಿಂದ ತೂರಿಸುತ್ತಿದ್ದರು. ಬೀಸಿದಷ್ಟೂ ಬಿಗಿಯಾಗುತ್ತದೆ. ತೂತಿನ ಸುತ್ತ ಕಬ್ಬಿಣ ಮಡಚಿ ಕೂಡಿಸಿದ ಗೆರೆ ಕಂಡರೆ ಕುಲುಮೆಯಲ್ಲಿ ಬಡಿದದ್ದು. ದಪ್ಪ ಎಲ್ಲ ಕಡೆ ಒಂದೇ ಸಮ, ಉಬ್ಬಿದ ಅಕ್ಷರ ಇದ್ದರೆ ಕಾರ್ಖಾನೆಯದು.

ಆಮೇಲೆ ಕತ್ತರಿಸುವ ಅಂಚು ನೋಡಿ. ಎರಡೂ ಕಡೆಯಿಂದ ಮಸೆದಿದ್ದರೆ ಕೊಡಲಿಯ ಜಾತಿ. ಒಂದೇ ಕಡೆಯಿಂದ ಮಸೆದಿದ್ದರೆ ಬಾಚಿ ಅಥವಾ ಉಳಿ.

ನನ್ನ ತುಂಡಿಗೆ ತೂತೇ ಇರಲಿಲ್ಲ. ಹಾಗಂತ ಕೊಡಲಿ ಅಲ್ಲ ಅನ್ನುವಂತಿಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಲ್ಲಿ, ಅಂದರೆ ದೊಡ್ಡ ಕಲ್ಲು ಜೋಡಿಸಿ ಮಾಡಿದ ಪ್ರಾಚೀನ ಸಮಾಧಿಗಳಲ್ಲಿ, ತೂತಿಲ್ಲದ ಚಪ್ಪಟೆ ಕೊಡಲಿಗಳೂ ಸಿಕ್ಕಿವೆ. ಕಬ್ಬಿಣದ ಪಟ್ಟಿ ಸುತ್ತಿ ಅವನ್ನು ಕಾವಿಗೆ ಕಟ್ಟುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗಲೂ ಇಂಥ ಸಮಾಧಿಗಳಲ್ಲಿ ಕಬ್ಬಿಣದ ಸಾಮಾನು ಸಿಕ್ಕಿತ್ತು.

ನನಗೆ ಸುಳಿವು ಕೊಟ್ಟದ್ದು ದಪ್ಪ ತುದಿ. ಅದು ಅಣಬೆಯ ಹಾಗೆ ಅರಳಿತ್ತು. ಅಂಚು ಹೊರಕ್ಕೆ ಮಡಚಿ, ಅಲ್ಲಲ್ಲಿ ಸೀಳಿ, ಬೆರಳಿಟ್ಟರೆ ಚುಚ್ಚುತ್ತಿತ್ತು. ಅಂದರೆ ಇದರಿಂದ ಹೊಡೆದದ್ದಲ್ಲ, ಇದಕ್ಕೇ ಹೊಡೆದದ್ದು, ಅದೂ ವರ್ಷಾನುಗಟ್ಟಲೆ.

ಅಕ್ಷರ ಇದ್ದರೆ

ಮಾಸಿದ್ದರೆ ಸೀಮೆಸುಣ್ಣದ ಪುಡಿ ಸವರಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಬಿಡಿ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಮೂಡುತ್ತದೆ. ಉಕ್ಕಿನ ಸಾಮಾನಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆಸರು, ಟಾಟಾದವರ ಕೃಷಿ ಸಲಕರಣೆಗಳ ಮೇಲಿನ ಟಾಟಾ ಅಗ್ರಿಕೋ ಮುದ್ರೆ ಇಂಥವು ಸಿಗಬಹುದು. ಮೂರು ಗೆರೆಯ ಬಾಣದ ತಲೆಯಂಥ ಗುರುತು ಬ್ರಿಟಿಷ್ ಸರ್ಕಾರದ ಆಸ್ತಿಯದು.

ಯಾರನ್ನು ಕೇಳುವುದು?

ಕಮ್ಮಾರರನ್ನು, ತೋಟದಲ್ಲಿ ಕೆಲಸ ಮಾಡಿದ ಹಿರಿಯರನ್ನು ಕೇಳಿ. ‘ಇದು ಕೊಡಲಿ ಅಲ್ವಾ?’ ಅಂತ ಮಾತ್ರ ಕೇಳಬೇಡಿ. ಹಿರಿಯರು ನಮ್ಮ ಮನಸ್ಸು ನೋಯಬಾರದೆಂದು ಸುಮ್ನೆ ಹೌದು ಅಂದುಬಿಡುತ್ತಾರೆ. ಸಾಮಾನನ್ನು ಕೈಗೆ ಕೊಟ್ಟು, ಹೇಗೆ ಹಿಡಿಯುತ್ತಿದ್ದಿರಿ ಅಂತ ಕೇಳಿ. ಅವರ ಕೈಗೆ ನೆನಪಿರುತ್ತದೆ.

ಹಿಂದೆ ಮರ ಕೊಯ್ಯುವ ಕೆಲಸ ಮಾಡುತ್ತಿದ್ದ ಒಬ್ಬ ಅಜ್ಜನಿಗೆ ನಾನು ನನ್ನ ತುಂಡು ಕೊಟ್ಟೆ. ‘ಅಜ್ಜಾ, ಇದನ್ನ ಹೇಗೆ ಹಿಡೀತಿದ್ರಿ?’

‘ಇದನ್ನ ಹಿಡಿಯೋದೆಲ್ಲಿ ಬಂತು ಮಾರಾಯ, ನಿಲ್ಲಿಸಿ ಹೊಡೆಯೋದು’ ಅಂದರು. ಜಗಲಿಯ ಪಕ್ಕದ ಸೌದೆ ತುಂಡಿನ ಬಿರುಕಿಗೆ ತೆಳು ತುದಿ ಇಟ್ಟು ತೋರಿಸಿದರು. ಅದು ಬೆಣೆ. ಗುಂಡಿ ತೋಡಿ, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ದಿಮ್ಮಿ ಕೊಯ್ಯುವಾಗ, ಗರಗಸ ಸಿಕ್ಕಿಕೊಳ್ಳದ ಹಾಗೆ ಸೀಳಿಗೆ ಬಡಿಯುತ್ತಿದ್ದದ್ದು.

ಗುರುತು ಸಿಕ್ಕ ಮೇಲೆ ತೆಳುವಾಗಿ ಮೆಷಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಂಟಾಗುತ್ತದೆ. 100 ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಹಾಗೂ ಕಲಾ ನಿಧಿಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು ಆಗಬಹುದು. ಹಾಗಾಗಿ ಮಾರಲು, ಹೊರದೇಶಕ್ಕೆ ಕಳಿಸಲು ಹೋಗಬೇಡಿ. ಒಂದು ಚೀಟಿ ಕಟ್ಟಿ: ಸಿಕ್ಕ ಜಾಗ, ತಾರೀಖು, ತೂಕ, ಹೆಸರು, ಆ ಹೆಸರು ಹೇಳಿದವರು ಯಾರು. ನನ್ನ ಬೆಣೆಯ ಚೀಟಿಯಲ್ಲಿ ಅಜ್ಜನ ಹೆಸರೂ ಇದೆ.