ವಯಸ್ಕರ ತರಗತಿಯಲ್ಲಿ ನಂಬಿಕೆ ಬೆಳೆಸುವುದು ಹೇಗೆ

ವಯಸ್ಕರು ತರಗತಿ ಬಿಡುವುದಕ್ಕೆ ಎಷ್ಟೋ ಸಲ ಪಾಠಕ್ಕಿಂತ ಮುಜುಗರವೇ ಕಾರಣ. ಹಾಗಾಗಿ ಮೊದಲ ದಿನ ಪರೀಕ್ಷೆ ಬೇಡ. ಒಬ್ಬೊಬ್ಬರ ಪಕ್ಕದಲ್ಲೂ 10 ನಿಮಿಷ ಕೂತು ಮಾತಾಡಿ: ಏನು ಕಲಿಯಬೇಕೆಂದಿದ್ದೀರಿ, ಯಾವ ಹೊತ್ತು ಅನುಕೂಲ, ಹೇಗೆ ಕರೆದರೆ ಇಷ್ಟ. ಶಾಲೆ ಯಾಕೆ ಬಿಟ್ಟಿರಿ ಎಂದು ಮಾತ್ರ ಕೆದಕಬೇಡಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ಹೇಳಿದ್ದು ನಿಮ್ಮಲ್ಲೇ ಉಳಿಯಲಿ.

ಎಲ್ಲರೆದುರು ಗಟ್ಟಿಯಾಗಿ ಓದಿಸಿದರೆ ನಂಬಿಕೆ ಬೇಗ ಕೆಡುತ್ತದೆ. ಮೊದಲು ಇಬ್ಬಿಬ್ಬರಾಗಿ ಓದಿಸಿ, ಆಮೇಲೆ ಇಷ್ಟವಿದ್ದವರು ಗುಂಪಿಗೆ ಓದಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೌನ ತಡೆಯಲಾರದೆ ನೀವೇ ಉತ್ತರ ಹೇಳಿಬಿಟ್ಟರೆ, ಯೋಚಿಸುತ್ತಿದ್ದವರು ಮುಂದಿನ ಸಲ ಪ್ರಯತ್ನವನ್ನೇ ಮಾಡುವುದಿಲ್ಲ.

ತಿದ್ದುವಾಗ ಇನ್ನೂ ಎಚ್ಚರ ಬೇಕು. ಒಬ್ಬರು ಅರ್ಜಿ ಬರೆದು ತಂದರು ಅನ್ನಿ. ಹತ್ತು ತಪ್ಪಿದ್ದರೂ ಅರ್ಥ ಕೆಡಿಸುವ ಎರಡನ್ನೇ ಆರಿಸಿಕೊಳ್ಳಿ. ಕೆಂಪು ಶಾಯಿ ಬೇಡ, ಪೆನ್ಸಿಲ್ ಸಾಕು. ಅದೂ ಅವರ ಕೈಯಲ್ಲೇ ಇರಲಿ. ಬರೀ 'ಚೆನ್ನಾಗಿದೆ' ಎನ್ನುವ ಬದಲು 'ದಿನಾಂಕ, ವಿಷಯ ಎರಡೂ ಸರಿಯಾದ ಜಾಗದಲ್ಲಿವೆ' ಎನ್ನಿ. ಸುಮ್ಮನೆ ಹೊಗಳಿದರೆ ದೊಡ್ಡವರಿಗೆ ತಕ್ಷಣ ಗೊತ್ತಾಗುತ್ತದೆ.

ಹೇಳಿದ ಹೊತ್ತಿಗೆ ಶುರು ಮಾಡಿ, ಹೇಳಿದ ಹೊತ್ತಿಗೆ ಮುಗಿಸಿ. ಯಾರಾದರೂ ಎರಡು ತರಗತಿಗೆ ಬಾರದಿದ್ದರೆ ಫೋನ್ ಮಾಡಿ. 'ಯಾಕೆ ಬರಲಿಲ್ಲ' ಎನ್ನದೆ 'ಹೇಗಿದ್ದೀರಿ, ನಿಮ್ಮ ಪಾಠದ ಹಾಳೆ ತೆಗೆದಿಟ್ಟಿದ್ದೇನೆ' ಎನ್ನಿ. ಅವರ ಸಾಲ, ಸಂಸಾರದ ಕಷ್ಟಗಳನ್ನು ನೀವೇ ಬಗೆಹರಿಸಲು ಹೊರಡಬೇಡಿ. ಮಾತು ಕೊಟ್ಟು ನಡೆಸಲಾಗದಿದ್ದರೆ ಇದ್ದ ನಂಬಿಕೆಯೂ ಹೋಗುತ್ತದೆ. ಸಂಬಂಧಪಟ್ಟ ಕಚೇರಿ ಅಥವಾ ಆಪ್ತಸಮಾಲೋಚಕರ ವಿವರ ಬರೆದುಕೊಟ್ಟು, ವಾರದ ನಂತರ ಏನಾಯಿತೆಂದು ಮರೆಯದೆ ವಿಚಾರಿಸಿ.