ಕೋರ್ಟಿನಲ್ಲಿ ಮುಗಿದ ಸಾಲ ಸಿಬಿಲ್‌ನಲ್ಲೂ ಮುಗಿದಿದೆಯೇ?

ಕಾಸರಗೋಡಿನ ಪೆರ್ಲದ ಕಡೆಯ ನಿವೃತ್ತ ಕನ್ನಡ ಮಾಸ್ತರರೊಬ್ಬರು ಮೊಮ್ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದರು. ಮ್ಯಾನೇಜರ್ ಕಂಪ್ಯೂಟರ್ ಪರದೆಯನ್ನು ಸ್ವಲ್ಪ ಇವರ ಕಡೆ ತಿರುಗಿಸಿ, "ಮಾಸ್ತರೇ, ನೀವು ಯಾರಿಗಾದರೂ ಜಾಮೀನು ನಿಂತಿದ್ದಿರಾ?" ಎಂದು ಕೇಳಿದರು. ನಿಂತಿದ್ದರು. ಅಕ್ಕನ ಮಗ ಜೀಪು ತೆಗೆಯುವಾಗ ಹಾಕಿದ ರುಜು. ಅವನು ಕಂತು ತಪ್ಪಿಸಿದ, ಬ್ಯಾಂಕು ದಾವೆ ಹೂಡಿತು, ಹಣ ಕಟ್ಟಬೇಕೆಂದು ಕೋರ್ಟಿನ ಡಿಕ್ರಿಯಾಯಿತು, ಕೊನೆಗೆ ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿ 1,70,000 ರೂಪಾಯಿಗೆ ತೀರಿಸಿದ್ದೂ ಆಯಿತು. ಅದೆಲ್ಲ ನಾಲ್ಕು ವರ್ಷದ ಹಿಂದಿನ ಮಾತು. ಪರದೆಯ ಮೇಲೆ ಮಾತ್ರ ಇನ್ನೂ 'ಸೂಟ್ ಫೈಲ್ಡ್', ಅಂದರೆ ದಾವೆ ಹೂಡಲಾಗಿದೆ, ಎಂದೇ ಇತ್ತು.

"ಕೋರ್ಟಿನಲ್ಲಿ ಮುಗಿದದ್ದು ಇಲ್ಲಿ ಹೇಗೆ ಉಳಿಯಿತು?" ಎಂಬುದು ಮಾಸ್ತರರ ಪ್ರಶ್ನೆ. ಉತ್ತರ ಸರಳ, ಆದರೆ ಹೆಚ್ಚಿನವರಿಗೆ ಗೊತ್ತಿಲ್ಲ. ನ್ಯಾಯಾಲಯಕ್ಕೂ, ನಮ್ಮ ಸಾಲದ ಚರಿತ್ರೆ ಇಟ್ಟು ಅಂಕ ಕೊಡುವ ಸಿಬಿಲ್‌ಗೂ ನೇರ ಮಾತುಕತೆ ಇಲ್ಲ. ಅಲ್ಲಿಯ ಸುದ್ದಿಯನ್ನು ಇಲ್ಲಿಗೆ ಮುಟ್ಟಿಸಬೇಕಾದದ್ದು ಸಾಲ ಕೊಟ್ಟ ಬ್ಯಾಂಕು. ದಾವೆ ಹೂಡಿದ ದಿನ ಅದಕ್ಕೆ ಇರುವ ಉತ್ಸಾಹ ಸಾಲ ತೀರಿದ ದಿನ ಇರುವುದಿಲ್ಲ.

ಅಂಕ ಬೀಳುವುದು ಯಾವಾಗ

ನಾವು ರೂಢಿಯಲ್ಲಿ 'ಸಿಬಿಲ್' ಎನ್ನುವುದು ನಾಲ್ಕು ಕಂಪನಿಗಳಲ್ಲಿ ಒಂದರ ಹೆಸರು. ಟ್ರಾನ್ಸ್‌ಯೂನಿಯನ್ ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಇವೆ. ನಾಲ್ಕೂ ನಡೆಯುವುದು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ. ಸಿಬಿಲ್ ಅಂಕ 300ರಿಂದ 900ರ ವರೆಗೆ.

ಕೋರ್ಟಿನ ತೀರ್ಪು ಬಂದ ಮರುದಿನ ಅಂಕ ಕುಸಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಕುಸಿದು ಎಷ್ಟೋ ಕಾಲವಾಗಿರುತ್ತದೆ. ಕಂತು ತಪ್ಪಿದ ತಿಂಗಳಿನಿಂದಲೇ ಇಳಿತ ಶುರು. ಸಾಮಾನ್ಯ ಸಾಲದಲ್ಲಿ ಬಾಕಿ 90 ದಿನ ಮೀರಿದರೆ ಅದು ಅನುತ್ಪಾದಕ ಸಾಲ. ಬೆಳೆಸಾಲಕ್ಕೆ ಮಾತ್ರ ಹಂಗಾಮಿನ ಲೆಕ್ಕವಿದೆ. ಬ್ಯಾಂಕು ವಕೀಲರಿಗೆ ಫೈಲು ಕೊಡುವ ಹೊತ್ತಿಗೆ ಆಗಬೇಕಾದ ಹಾನಿಯ ದೊಡ್ಡ ಪಾಲು ಆಗಿಹೋಗಿರುತ್ತದೆ. ಆಮೇಲೆ ಬೀಳುವ 'ಸೂಟ್ ಫೈಲ್ಡ್' ಎಂಬ ಗುರುತು ಮುಂದಿನ ಬ್ಯಾಂಕಿನ ಕಣ್ಣಿಗೆ ಕೆಂಪು ದೀಪ. ಅಂಕ ಒಂದಿಷ್ಟು ಚೇತರಿಸಿಕೊಂಡಿದ್ದರೂ ಆ ಎರಡು ಪದ ನೋಡಿ ಅರ್ಜಿಯನ್ನು ಬದಿಗಿಡುವವರಿದ್ದಾರೆ. ಡಿಕ್ರಿಗೆಂದು ವರದಿಯಲ್ಲಿ ಬೇರೆ ಖಾನೆಯೇ ಇಲ್ಲ.

ಹಾಗಾದರೆ ಅಣ್ಣತಮ್ಮಂದಿರ ವಿಭಾಗ ದಾವೆ, ಬೇಲಿಯ ತಕರಾರು, ಜೀವನಾಂಶದ ಮೊಕದ್ದಮೆ? ಇವು ಯಾವುವೂ ಅಲ್ಲಿಗೆ ಹೋಗುವುದಿಲ್ಲ. ಕೈಸಾಲ ಕೊಟ್ಟವರು ಹೂಡಿದ ಚೆಕ್ ಬೌನ್ಸ್ ಕೇಸೂ ಹೋಗುವುದಿಲ್ಲ. ವಿಭಾಗ ದಾವೆ ಇರುವ ತೋಟದ ಮೇಲೆ ಅಡವು ಸಾಲ ಸಿಗದೆ ಇರಬಹುದು. ಅದಕ್ಕೆ ಕಾರಣ ಆಸ್ತಿಯ ಹಕ್ಕು ಇತ್ಯರ್ಥವಾಗದಿರುವುದು, ನಿಮ್ಮ ಅಂಕವಲ್ಲ. ಎರಡನ್ನೂ ಒಂದೇ ಎಂದು ತಿಳಿದು ಅಂಕ ಏರಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಟ್ಟು ಬಂದವರನ್ನು ನೋಡಿದ್ದೇನೆ.

ಮೊದಲ ಕೆಲಸ: ವರದಿ ತೆಗೆಸುವುದು

ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅವರವರ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆ ಕೊಟ್ಟು ಪಡೆಯಬಹುದು. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಕಂಪ್ಯೂಟರ್ ಅಭ್ಯಾಸ ಇಲ್ಲದವರು ಕೇರಳ ಸರ್ಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಬಹುದು. ಒಟಿಪಿ ಬಂದಾಗ ಮೊಬೈಲನ್ನೇ ದಾಟಿಸಿಬಿಡುವ ಅಭ್ಯಾಸ ಮಾತ್ರ ಬೇಡ. ಸಂಖ್ಯೆಯನ್ನು ನೀವೇ ಒತ್ತಿ. ಮುದ್ರಿಸಿದ ಪ್ರತಿ ಕೈಗೆ ಬಂದ ಮೇಲೆ ಎದ್ದು ಬನ್ನಿ.

ನಮ್ಮ ಗಡಿಯಲ್ಲಿ ಮೊದಲು ನೋಡಬೇಕಾದದ್ದು ಹೆಸರು. ಕೇರಳದ ದಾಖಲೆಗಳಲ್ಲಿ ಇನಿಶಿಯಲ್ ಹೆಚ್ಚಾಗಿ ಹೆಸರಿನ ಹಿಂದೆ ಬರುತ್ತದೆ, ಮಂಗಳೂರು ಪುತ್ತೂರಿನ ದಾಖಲೆಗಳಲ್ಲಿ ಮುಂದೆ. ಒಂದು ಕಡೆ 'ನಾರಾಯಣ ಕೆ.', ಇನ್ನೊಂದು ಕಡೆ 'ಕೆ. ನಾರಾಯಣ ಭಟ್'. ಒಬ್ಬರ ಸಾಲ ಮತ್ತೊಬ್ಬರ ವರದಿಗೆ ಅಂಟಿಕೊಳ್ಳಲು ಇಷ್ಟೇ ಸಾಕು. ಪ್ಯಾನ್, ಹುಟ್ಟಿದ ದಿನಾಂಕ, ವಿಳಾಸ ಮೂರನ್ನೂ ತಾಳೆ ನೋಡಿ. ಸಾಲ ಕರ್ನಾಟಕದ್ದು, ನಾನಿರುವುದು ಕೇರಳದಲ್ಲಿ ಎಂಬ ಸಮಾಧಾನವೂ ಇಲ್ಲಿ ನಡೆಯದು; ಪುತ್ತೂರಿನಲ್ಲಿ ತಪ್ಪಿದ ಕಂತು ಬದಿಯಡ್ಕದಲ್ಲಿ ಕಾಣುತ್ತದೆ.

ಮಾಸ್ತರರ ವರದಿ ಹೀಗಿತ್ತು

ಪ್ರತಿ ಸಾಲಕ್ಕೂ ಒಂದು ಪಟ್ಟಿ. ಮೇಲ್ಗಡೆ ಸಾಲದ ಬಗೆ, ಅದರ ಪಕ್ಕದಲ್ಲಿ ನಿಮ್ಮ ಪಾತ್ರ. ಮಾಸ್ತರರದ್ದರಲ್ಲಿ 'ಗ್ಯಾರಂಟರ್' ಎಂದಿತ್ತು. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಎಂದು ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ, ವರದಿಯೂ ಅದನ್ನೇ ಪಾಲಿಸುತ್ತದೆ. ಕೆಳಗೆ ಸಣ್ಣ ಚೌಕಗಳ ಸಾಲು: 36 ತಿಂಗಳ ಪಾವತಿ ಚರಿತ್ರೆ. '000' ಎಂದಿದ್ದರೆ ಆ ತಿಂಗಳು ಬಾಕಿ ಇರಲಿಲ್ಲ ಎಂದು ಅರ್ಥ. '030', '061' ಎಂದರೆ ಅಷ್ಟು ದಿನ ತಡ. ಚೌಕದಲ್ಲಿ ಅಂಕಿಯ ಬದಲು 'ಸಬ್', 'ಡಿಬಿಟಿ', 'ಎಲ್‌ಎಸ್‌ಎಸ್' ಎಂಬ ಗುರುತುಗಳಿದ್ದರೆ ಸಾಲ ಕ್ರಮವಾಗಿ ಕೆಟ್ಟದ್ದು, ಸಂಶಯದ್ದು, ಮುಳುಗಿದ್ದು ಎಂದು ಬ್ಯಾಂಕು ಬರೆದುಕೊಂಡಿದೆ. ಮಾಸ್ತರರದ್ದರಲ್ಲಿ ಕೊನೆಯ ಹನ್ನೆರಡು ಚೌಕಗಳಲ್ಲೂ 'ಎಲ್‌ಎಸ್‌ಎಸ್'. ಹಣ ಕಟ್ಟಿ ರಶೀದಿ ಪಡೆದ ಮೇಲೂ ತಿಂಗಳು ತಿಂಗಳು ಅದೇ ಗುರುತು ಯಾಂತ್ರಿಕವಾಗಿ ಹೋಗುತ್ತಲೇ ಇತ್ತು.

ಆಮೇಲೆ ನೋಡಬೇಕಾದ ಖಾನೆಗಳು ಎರಡು. ಒಂದು, ದಾವೆ ಹೂಡಲಾಗಿದೆಯೇ ಅಥವಾ ಉದ್ದೇಶಪೂರ್ವಕ ಸುಸ್ತಿಯೇ ಎಂಬುದು. ಇನ್ನೊಂದು, 'ರಿಟನ್ ಆಫ್', 'ಸೆಟಲ್ಡ್' ಎಂಬ ಸ್ಥಿತಿ. ಬ್ಯಾಂಕು ತನ್ನ ಪುಸ್ತಕದಿಂದ ತೆಗೆದುಹಾಕಿದ್ದು 'ರಿಟನ್ ಆಫ್'. ಅದು ಸಾಲಮನ್ನಾ ಅಲ್ಲ. ವಸೂಲಿಯ ಹಕ್ಕು ಹಾಗೆಯೇ ಇರುತ್ತದೆ.

ಹಳ್ಳಿಯ ಸರ್ವಿಸ್ ಸಹಕಾರಿ ಸಂಘದ ಸಾಲ ಈ ಪಟ್ಟಿಯಲ್ಲಿ ಕಾಣದೆ ಇರಬಹುದು. ಕಾಣಲಿಲ್ಲವೆಂದು ಸಾಲ ಹೋಯಿತು ಎಂದಲ್ಲ. ಅವರ ಪಂಚಾಯ್ತಿಕೆ (ಆರ್ಬಿಟ್ರೇಷನ್) ತೀರ್ಪು, ಜಪ್ತಿ ಎಲ್ಲವೂ ಸಹಕಾರಿ ಕಾಯ್ದೆಯ ದಾರಿಯಲ್ಲಿ ನಡೆಯುತ್ತಿರುತ್ತವೆ.

ಕೇಸು ಎಲ್ಲಿದೆ ಎಂದು ಹುಡುಕಿ

ಬ್ಯಾಂಕಿನ ವಸೂಲಿಗೆ ದಾರಿಗಳು ಹಲವು. ಸಣ್ಣ ಮೊತ್ತಕ್ಕೆ ಸಿವಿಲ್ ಕೋರ್ಟು. 20 ಲಕ್ಷ ಮತ್ತು ಅದಕ್ಕಿಂತ ಮೇಲಿನದಕ್ಕೆ ಎರ್ನಾಕುಳಂನ ಸಾಲ ವಸೂಲಾತಿ ನ್ಯಾಯಮಂಡಳಿ. ಅಡವಿಟ್ಟ ಆಸ್ತಿ ಇದ್ದರೆ ಕೋರ್ಟಿಗೇ ಹೋಗದೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸ್. ಕೃಷಿಭೂಮಿಗೆ ಇದು ಅನ್ವಯಿಸುವುದಿಲ್ಲ. ಇದಲ್ಲದೆ ಕೇರಳದಲ್ಲಿ 1968ರ ಕಂದಾಯ ವಸೂಲಿ ಕಾಯ್ದೆಯ ಪ್ರಕಾರ ತಹಶೀಲ್ದಾರರ ಮೂಲಕ ಬರುವ 'ಆರ್‌ಆರ್' ನೋಟಿಸ್. ಅದು ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಕನ್ನಡದಲ್ಲೇ ಪತ್ರ ಬರೆಯಿರಿ. ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಬಳಸದೆ ತುಕ್ಕು ಹಿಡಿದಿರುವ ಹಕ್ಕು ಅದು.

ಅದಾಲತ್‌ನ ಮೇಜಿನಲ್ಲಿ ಆಗುವ ತಪ್ಪು

ಲೋಕ ಅದಾಲತ್‌ ಅನ್ನು ನಾನು ಹೊಗಳುತ್ತೇನೆ. ಖರ್ಚಿಲ್ಲ, ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ, ಅಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬೆಲೆ ಇದೆ, ಮೇಲ್ಮನವಿಯ ಕಾಟವಿಲ್ಲ. ವಿದ್ಯಾನಗರದ ಕೋರ್ಟು ಸಂಕೀರ್ಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿದರೆ ದಿನಾಂಕ ತಿಳಿಯುತ್ತದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ಆದರೆ ಬಡ್ಡಿ ಬಿಟ್ಟರು ಎಂಬ ಸಂತೋಷದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಇದನ್ನು ವರದಿಯಲ್ಲಿ 'ಕ್ಲೋಸ್ಡ್' ಎಂದು ಬರೆಯುತ್ತೀರೋ, 'ಸೆಟಲ್ಡ್' ಎಂದೋ? ಬಾಕಿಗಿಂತ ಕಡಿಮೆ ಪಡೆದು ಬಿಟ್ಟುಕೊಟ್ಟರೆ ಬ್ಯಾಂಕು ಬರೆಯುವುದು 'ಸೆಟಲ್ಡ್'. ಮುಂದಿನ ಬ್ಯಾಂಕಿಗೆ ಅದರ ಅರ್ಥ, ಈ ವ್ಯಕ್ತಿ ಪೂರ್ತಿ ಕೊಡಲಿಲ್ಲ. ಮಾಸ್ತರರ ಲೆಕ್ಕದಲ್ಲಿ ಬಾಕಿ 2,40,000 ಇತ್ತು, 70,000 ಬಿಟ್ಟಿದ್ದರು. ಸದ್ಯ ಬೇರೆ ಸಾಲದ ಯೋಚನೆ ಇಲ್ಲದವರಿಗೆ ಇದು ಲಾಭದ ವ್ಯವಹಾರವೇ. ಎರಡು ವರ್ಷದಲ್ಲಿ ಮನೆ ಕಟ್ಟಬೇಕೆಂದಿರುವವರು ಮಾತ್ರ ಬಿಟ್ಟ ಮೊತ್ತ ಎಷ್ಟು, ಮುಂದೆ ಅದನ್ನೂ ಕಟ್ಟಿದರೆ 'ಕ್ಲೋಸ್ಡ್' ಎಂದು ಬದಲಿಸುತ್ತೀರಾ ಎಂದು ಆಗಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ದಾವೆ ಹಿಂತೆಗೆದ ವಿಷಯವನ್ನೂ ಜಾಮೀನುದಾರರ ಹೆಸರನ್ನೂ ಒಪ್ಪಂದದಲ್ಲಿ ಬರೆಸಿ.

ಹಣ ಕಟ್ಟಿದ ಮೇಲೆ

ಇಲ್ಲಿ ಅವಸರ ಬೇಕು. ಡಿಕ್ರಿಯ ಹಣವನ್ನು ಕೋರ್ಟಿನ ಹೊರಗೆ, ಬ್ಯಾಂಕಿನ ಕೌಂಟರಿನಲ್ಲಿ ಕಟ್ಟಿದರೆ ಅದು ಕೋರ್ಟಿನ ದಾಖಲೆಗೆ ಬರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 2ನೇ ನಿಯಮ ಹೇಳುವುದು ಇದನ್ನೇ. ಹಾಗೆ ದಾಖಲಾಗದ ಪಾವತಿಯನ್ನು ಡಿಕ್ರಿಯನ್ನು ಜಾರಿ ಮಾಡುವ ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಂಕು ತಾನಾಗಿ ತಿಳಿಸದಿದ್ದರೆ ನೀವೇ ಅರ್ಜಿ ಹಾಕಬಹುದು, ಅದಕ್ಕೆ ಇರುವ ಅವಧಿ 30 ದಿನ. ಅದು ದಾಟಿದ್ದರೆ ಬ್ಯಾಂಕಿನ ವಕೀಲರ ಬೆನ್ನು ಹತ್ತಿ ಅವರಿಂದಲೇ 'ಪೂರ್ಣ ಪಾವತಿಯಾಗಿದೆ' ಎಂಬ ಮೆಮೊ ಹಾಕಿಸಬೇಕು. ಡಿಕ್ರಿಯ ಅಮಲ್ಜಾರಿಗೆ 12 ವರ್ಷಗಳ ಅವಕಾಶವಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಮೆಮೊದ ಬೆಲೆ ತಿಳಿಯುತ್ತದೆ.

ಮಾಸ್ತರರ ಬಿಸ್ಕತ್ತು ಡಬ್ಬದಲ್ಲಿ ಚಲನ್‌ಗಳೆಲ್ಲ ಇದ್ದವು, ಬಾಕಿ ಇಲ್ಲವೆಂಬ ಪತ್ರ ಇರಲಿಲ್ಲ. "ಕೇಳುವುದು ಹೇಗೆ, ಅವರೇ ಕೊಡಬೇಕಲ್ಲ" ಎಂದರು. ಕೇಳಬೇಕು. ಮೂರು ಕಾಗದ ಕೈಯಲ್ಲಿರಲಿ: ಬ್ಯಾಂಕಿನ ಬಾಕಿ ಇಲ್ಲದ ಪತ್ರ, ಅದಾಲತ್ ಆದೇಶದ ದೃಢೀಕೃತ ನಕಲು, ಪೂರ್ಣ ಪಾವತಿ ದಾಖಲಾದ ಕೋರ್ಟು ಆದೇಶದ ನಕಲು.

ತಿದ್ದಿಸುವುದು

ಬ್ಯಾಂಕಿಗೂ ಸಾಲ ಮಾಹಿತಿ ಕಂಪನಿಗೂ ಎರಡೂ ಕಡೆ ದೂರು ಕೊಡಿ. ಕಂಪನಿಯ ಜಾಲತಾಣದಲ್ಲಿ 'ಡಿಸ್‌ಪ್ಯೂಟ್' ಎಂಬ ಅರ್ಜಿ ಇದೆ, ಶುಲ್ಕವಿಲ್ಲ. ವರದಿ ತಪ್ಪಾಗಿದೆ ಎಂದಷ್ಟೇ ಬರೆದರೆ ಕೆಲಸ ಆಗದು. ಸಾಲದ ಖಾತೆ ಸಂಖ್ಯೆ, ಕೇಸು ಸಂಖ್ಯೆ, ಹಣ ಕಟ್ಟಿದ ದಿನಾಂಕ, ಯಾವ ಖಾನೆಯಲ್ಲಿ ಏನಿದೆ, ಏನಿರಬೇಕು ಎಂದು ಬಿಡಿಸಿ ಬರೆಯಬೇಕು. ಕಂಪನಿ ತಾನಾಗಿ ತಿದ್ದುವುದಿಲ್ಲ, ಬ್ಯಾಂಕಿನ ಒಪ್ಪಿಗೆ ಬೇಕು. ಎಲ್ಲ ಸೇರಿ 30 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಕೆಲಸವಾಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ.

ತಪ್ಪನ್ನು ಮಾತ್ರ ತಿದ್ದುತ್ತಾರೆ, ನಿಜವಾಗಿ ತಡವಾದ ಕಂತುಗಳ ಚರಿತ್ರೆ ಉಳಿಯುತ್ತದೆ. ಏಳು ವರ್ಷವಾದರೆ ಎಲ್ಲ ಅಳಿಸಿಹೋಗುತ್ತದೆ ಎಂಬ ಮಾತು ಇಂಟರ್‌ನೆಟ್ ವಿಡಿಯೊಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ನಮ್ಮಲ್ಲಿ ಏಳು ವರ್ಷ ಎನ್ನುವುದು ಮಾಹಿತಿಯನ್ನು ಇಟ್ಟುಕೊಳ್ಳಲೇಬೇಕಾದ ಕನಿಷ್ಠ ಅವಧಿ. ಅದನ್ನು ಗರಿಷ್ಠ ಎಂದು ತಲೆಕೆಳಗು ಮಾಡಿದ್ದಾರೆ. ಅಮೆರಿಕದಲ್ಲಿ 2017ರ ಜುಲೈಯಿಂದ ಸಿವಿಲ್ ತೀರ್ಪುಗಳನ್ನು ಸಾಲ ವರದಿಯಿಂದಲೇ ಕೈಬಿಡತೊಡಗಿದರು, ಬ್ರಿಟನ್ನಿನಲ್ಲಿ ಕೌಂಟಿ ಕೋರ್ಟಿನ ತೀರ್ಪು ಆರು ವರ್ಷ ಉಳಿಯುತ್ತದೆ, ತಿಂಗಳೊಳಗೆ ಕಟ್ಟಿದರೆ ತೆಗೆಯುತ್ತಾರೆ. ಅವು ಅಲ್ಲಿಯ ನಿಯಮಗಳು. ಉಪ್ಪಳದ ಸಾಲಕ್ಕೆ ಲಂಡನ್ನಿನ ಲೆಕ್ಕ ಹಾಕಬಾರದು.

ಕೊಲ್ಲಿಯ ಲೆಕ್ಕ ಇನ್ನೊಂದು ಬಗೆ. ದುಬೈಯಲ್ಲಿ ಮಾಡಿದ ಬ್ಯಾಂಕ್ ಸಾಲ ಅಲ್ಲಿಯ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೊದ ಪುಸ್ತಕದಲ್ಲಿರುತ್ತದೆ, ಇಲ್ಲಿಯ ವರದಿಗೆ ತಾನಾಗಿ ಬರುವುದಿಲ್ಲ. ಹಾಗೆಂದು ವಿಮಾನ ಹತ್ತಿದರೆ ಮುಗಿಯಿತು ಎನ್ನುವಂತಿಲ್ಲ. 2020ರ ಜನವರಿ 17ರ ಅಧಿಸೂಚನೆಯ ಬಳಿಕ ಯುಎಇ ಕೋರ್ಟುಗಳ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಂತೆ ನಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಅಮಲ್ಜಾರಿಗೆ ತರಬಹುದು.

ಮತ್ತೊಮ್ಮೆ ನೋಡಿ

ಬ್ಯಾಂಕುಗಳು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕು. ಆದ್ದರಿಂದ ತಿದ್ದುಪಡಿಯ ಉತ್ತರ ಬಂದು ತಿಂಗಳೊಳಗೆ ಹೊಸ ವರದಿ ತೆಗೆಸಿ, ಒಂದಲ್ಲ, ನಾಲ್ಕೂ. ಮಾಸ್ತರರ ಹೆಸರಿನ ಮುಂದೆ ಮೂರರಲ್ಲಿ 'ಸೂಟ್ ಫೈಲ್ಡ್' ಹೋಗಿ 'ಸೆಟಲ್ಡ್' ಎಂದಾಗಿದೆ. ನಾಲ್ಕನೆಯದರಲ್ಲಿ ಇನ್ನೂ ಹಳೆಯದೇ ಇದೆ. ಮೊನ್ನೆ ಪೆರ್ಲ ಪೇಟೆಯಲ್ಲಿ ಸಿಕ್ಕಿದರು, ಡಬ್ಬವನ್ನೇ ಕೈಚೀಲದಲ್ಲಿ ಹಾಕಿಕೊಂಡು ಅಕ್ಷಯ ಕೇಂದ್ರದ ಕಡೆ ಹೊರಟಿದ್ದರು.